ಕಿಟಕಿಯಿಂದ ಒಗೆದ ಟವೆಲ್

ಹೋದ ಬೇಸಿಗೆಯಲ್ಲಿ ಡಾಕ್ಟರಿಗೆ ಮೊಣಕಾಲು ತೋರಿಸಿಕೊಂಡು ಊರಿಗೆ ಮರಳುತ್ತಿದ್ದೆ. ಕುಳಗೇರಿ ಕ್ರಾಸಿನಲ್ಲಿ ಬಾದಾಮಿ ಬಸ್ಸಿಗೆ ಜನ ಮುಗಿಬಿದ್ದರು. ನುಗ್ಗುವ ಶಕ್ತಿಯೂ, ನಿಂತು ಹೋಗುವ ಶಕ್ತಿಯೂ ನನಗಿರಲಿಲ್ಲ. ಎಲ್ಲರೂ ಹತ್ತಿದ ಮೇಲೆ ಹತ್ತಿದೆ. ಒಂದೇ ಸೀಟು ಖಾಲಿಯಿತ್ತು, ಅದರ ಮೇಲೊಂದು ಒದ್ದೆ ಟವೆಲ್.

ಕುಂಟುತ್ತ ಬಂದ ನನ್ನನ್ನು ಕಂಡು ಪಕ್ಕದಾಕೆ ಸರಿದು ಕೂತಳು. "ಬರ್ರಿ ಅಕ್ಕಾರ. ನಿಮ್ಮ ಯಜಮಾನ್ರು ಕಿಟಕ್ಯಾಗಿಂದ ಒಗದು, 'ನಮ್ಮಾಕಿ ಬರ್ತಾಳ, ಮೊಣಕಾಲ ಬ್ಯಾನಿ ಐತಿ' ಅಂದ್ರು. ಕಂಡಕ್ಟರ್ ಬೈದ್ರೂ ನಾ ಯಾರಿಗೂ ಕುಂದ್ರಗೊಟ್ಟಿಲ್ಲ!"

ಬಿಸಿಲಿಗೆ ಟವೆಲ್ ನೆನೆಸಿ ತಲೆಗೆ ಹಾಕಿಕೊಳ್ಳುವುದು, ಅದನ್ನೇ ಒಗೆದು ನನಗೆ ಸೀಟು ಹಿಡಿಯುವುದು ನಮ್ಮವರ ರೂಢಿಯಾಗಿತ್ತು. ಹರಿದ ತುದಿಯಲ್ಲಿ ನಾನು ಹಾಕಿದ ನೀಲಿ ಹೊಲಿಗೆಯೂ ಇತ್ತು. ಅದಕ್ಕೂ ಹಿಂದಿನ ವರ್ಷ ಅವರನ್ನು ಮಣ್ಣು ಮಾಡುವಾಗ ಆ ಟವೆಲನ್ನು ನಾನೇ ಅವರ ಹೆಗಲಿಗೆ ಹೊದಿಸಿದ್ದೆ.

ಈಗದು ನಮ್ಮ ಅಂಗಳದ ತಂತಿಯ ಮೇಲಿದೆ. ಮತ್ತೊಂದು ಬೇಸಿಗೆ ಬಂತು, ಇನ್ನೂ ಒಣಗಿಲ್ಲ.