ಮೀಟರ್ ಹೇಳಿದ ಚಾಡಿ

"ಅಕ್ಕಾ, ಹೇರ್ ಡ್ರೈಯರ್ ಆಫ್ ಮಾಡು. ಹತ್ತು ನಿಮಿಷ ಆಯ್ತು."

ಮುಚ್ಚಿದ ಬಾಗಿಲ ಹಿಂದೆ ಡ್ರೈಯರ್ ಗಪ್ಪನೆ ನಿಂತಿತು. ಹೊರಗಿದ್ದ ಚೂಟಿ ಕಿಸಕ್ಕನೆ ನಕ್ಕಳು.

ಅವಳಿಗೆ ಸುಳಿವು ಕೊಡುತ್ತಿದ್ದದ್ದು ಹಾಲ್ ಗೋಡೆಯ ಎರಡು ಮೀಟರ್. ತಾರಸಿಯ ಸೋಲಾರ್ ಎಷ್ಟು ಕರೆಂಟ್ ಕೊಡುತ್ತಿದೆ ಎಂದು ಮೇಲಿನದು ತೋರಿಸುತ್ತಿತ್ತು, ಮನೆ ಎಷ್ಟು ನುಂಗುತ್ತಿದೆ ಎಂದು ಕೆಳಗಿನದು. ಮೇಲಿನ ನಂಬರ್ ದೊಡ್ಡದಿದ್ದಾಗಲೇ ಇಸ್ತ್ರಿ, ವಾಷಿಂಗ್ ಮೆಷಿನ್ ಹಾಕಬೇಕೆಂದು ಅಮ್ಮ ಹೇಳಿದ್ದಳು.

ರಜೆ ಶುರುವಾದದ್ದೇ ತಡ, ಚೂಟಿ ಪತ್ತೇದಾರಿಣಿಯಾದಳು. ಮಿಕ್ಸಿಗೆ ಐನೂರು ವ್ಯಾಟ್, ಇಸ್ತ್ರಿಗೆ ಸಾವಿರ. ದಿನಾ ಮಧ್ಯಾಹ್ನ ಮೂರಕ್ಕೆ ಕೆಳಗಿನ ನಂಬರ್ ಸಾವಿರದ ಐನೂರು ಮೇಲಕ್ಕೆ ಜಿಗಿದು, ಎರಡೇ ನಿಮಿಷದಲ್ಲಿ ಏನೂ ಆಗದವರ ಹಾಗೆ ಇಳಿಯುತ್ತಿತ್ತು. ಅದು ಕೆಟಲ್!

"ಅಮ್ಮಾ, ತಾತ ಕದ್ದು ಟೀ ಕುಡೀತಾರೆ. ಮೀಟರೇ ಸಾಕ್ಷಿ," ಎಂದು ರಾತ್ರಿ ಊಟಕ್ಕೆ ಕೂತಾಗ ಡಂಗುರ ಸಾರಿದಳು.

ತಾತನಿಗೆ ಡಾಕ್ಟರ್ ಹೇಳಿದ್ದು ಬೆಳಗ್ಗೆ ಒಂದೇ ಕಪ್. ಎಲ್ಲರೂ ನಕ್ಕರು. ತಾತ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಮ್ಮ ಕೆಟಲನ್ನು ಬೀರುವಿನ ಮೇಲಿಟ್ಟಳು.

ಮರುದಿನ ಮೂರಕ್ಕೆ ಮೀಟರ್ ಅಲುಗಲಿಲ್ಲ. ಚೂಟಿ ವರಾಂಡಕ್ಕೆ ಇಣುಕಿದಳು. ತಾತನ ಎದುರು ಚೆಸ್ ಬೋರ್ಡ್, ಅದರಾಚೆ ಬೀದಿ ಕೊನೆಯ ಟೈಲರ್ ತಾತ. ಅವರ ಮುಂದೆ ಒಂದು ಲೋಟ ನೀರು.

"ಇವತ್ತು ಟೀ ಇಲ್ಲ ಕಣಯ್ಯ," ಎಂದರು ತಾತ.

"ಇರ್ಲಿ ಬಿಡೋ. ಮನೇಲಿ ಒಬ್ನಿಗೇ ಅಂತ ಮಾಡ್ಕೊಳ್ಳೋಕೆ ಮನಸ್ಸು ಬರಲ್ಲ. ಅದಕ್ಕೇ, ನೀನು ಕುಡೀದಿದ್ರೂ, ಇಲ್ಲಿ ಬಂದು ನಿಂಗೆ ತೊಂದ್ರೆ ಕೊಡ್ತಿದ್ದೆ."

ಚೂಟಿಯ ಕಿವಿ ಬಿಸಿಯಾಯಿತು. ಅವಳು ಸದ್ದಾಗದ ಹಾಗೆ ಬೀರುವಿನ ಹತ್ತಿರ ಸ್ಟೂಲ್ ಎಳೆಯತೊಡಗಿದಳು. ಆದರೂ ಅದರ ಕಾಲು ಕಿರ್ರೆಂದಿತು. ತಾತ ಬಂದು, ಏನೂ ಕೇಳದೆ ಸ್ಟೂಲ್ ಹಿಡಿದುಕೊಂಡರು.

ಕೆಟಲ್ ಕೈಗೆ ಬಂತು. ಅಷ್ಟರಲ್ಲಿ ಮೋಡ ಅಡ್ಡ ಬಂದು ಮೇಲಿನ ನಂಬರ್ ಮುನ್ನೂರಕ್ಕೆ ಕುಸಿಯಿತು.

"ಒಂದ್ನಿಮಿಷ ತಾತ. ಮೋಡ ಹೋಗ್ಲಿ."

ಟೈಲರ್ ತಾತನೂ ಎದ್ದು ಬಂದರು. ಮೂವರೂ ಕತ್ತು ಎತ್ತಿ ಕಾದರು. ನಾನೂರು. ಒಂಬೈನೂರು. ಎರಡು ಸಾವಿರ. ಚೂಟಿ ಟಕ್ಕನೆ ಸ್ವಿಚ್ ಒತ್ತಿದಳು.

ನೀರು ಕುದಿಯುವ ಮೊದಲೇ ಫೋನ್ ಬಂತು. ಆಫೀಸಿನಲ್ಲಿದ್ದ ಅಮ್ಮನ ಮೊಬೈಲಿನಲ್ಲೂ ಮೀಟರ್ ಕಾಣುತ್ತಿತ್ತು.

"ಕೆಟಲ್ ಹಾಕಿದ್ದು ಯಾರು?"

"ನಾನು. ಒಂದೇ ಕಪ್, ಟೈಲರ್ ತಾತನಿಗೆ." ಎಂದಳು ಚೂಟಿ. "ದಿನಾನೂ ಅವರಿಗೇ ಇತ್ತಮ್ಮ. ನಮ್ ತಾತ ಕುಡೀತಾನೇ ಇರ್ಲಿಲ್ಲ."

ಅಮ್ಮ, ಸಕ್ಕರೆ ಎಡಗಡೆ ಡಬ್ಬಿಯಲ್ಲಿದೆ ಎಂದಷ್ಟೇ ಹೇಳಿದಳು.

ಟೈಲರ್ ತಾತ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮೊದಲ ಗುಟುಕು ಕುಡಿದರು. ಚೂಟಿ ಅವರ ಮುಖವನ್ನೇ ನೋಡುತ್ತಾ ಕೂತಳು.