ತುಂಗವ್ವನ ರಥಪಂದ್ಯವೂ ಹಟಮಾರಿ ಆನೆಯೂ

ಬಹಳ ಹಿಂದೆ, ನಕ್ಷೆ ಬರೆಯುವವರು ಇನ್ನೂ ಹುಟ್ಟಿರದ ಕಾಲದಲ್ಲಿ, ಮಿಣುಕೂರು ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಕಂಪ್ಯೂಟರ್ ಇತ್ತು. ಅಷ್ಟು ಹಿಂದೆ ಕಂಪ್ಯೂಟರ್ ಎಲ್ಲಿಂದ ಬಂತು ಎಂದರೆ, ಅದು ಮಾಯಾರಾಜ್ಯ, ಆದ್ದರಿಂದ ಬಂತು. ಪ್ರತಿ ಕಂಪ್ಯೂಟರಿನೊಳಗೂ ಹೆಬ್ಬೆರಳಿನಷ್ಟು ಗಾತ್ರದ ಆನೆಯೊಂದಿತ್ತು. ತೆರೆಯ ಮೇಲಿನ ಚಿತ್ರಗಳನ್ನು ಬಿಡಿಸುವುದು ಅದೇ. ಆನೆ ಎಂದಮೇಲೆ ಮಾವುತ ಬೇಕು. ತನ್ನ ಮಾವುತ ಹೇಳಿದರಷ್ಟೇ ಅದು ಬಿಡಿಸುತ್ತಿತ್ತು.

ಕಂಪ್ಯೂಟರುಗಳನ್ನು ನಡೆಸುತ್ತಿದ್ದುದು ಧೂಮಕಂಠನೆಂಬ ಮಾಂತ್ರಿಕನ ಮಂತ್ರ. ಅವನು ಜನರನ್ನು ರಥಪಂದ್ಯದ ಆಟಕ್ಕೆ ಕರೆಯುತ್ತಿದ್ದ. ರಥ ಓಡುವುದು ತೆರೆಯ ಮೇಲೆ. ಸೋತವರು ಕಲ್ಲಾಗುವುದು ಮಾತ್ರ ನಿಜವಾಗಿ. ಎದುರಾಳಿ ಗೆಲ್ಲುವ ಹೊತ್ತಿಗೆ ಅವನ ಮಂತ್ರ, "ತಾಳಿ, ನಾನು ಹೊಸದಾಗುತ್ತಿದ್ದೇನೆ" ಎಂದು ರಥವನ್ನು ನಿಲ್ಲಿಸಿಬಿಡುತ್ತಿತ್ತು. ಬುಟ್ಟಿ ಹೆಣೆಯುವ ತುಂಗವ್ವನ ಗಂಡ ಹಾಲಪ್ಪ ಹೀಗೆಯೇ ಅಂಗಳದಲ್ಲಿ ಕಲ್ಲಾದ.

"ಮೂರನೆಯ ದಿನ ಸಂಜೆ ನನ್ನೊಡನೆ ಆಡು. ಗೆದ್ದರೆ ಎಲ್ಲರನ್ನೂ ಬಿಡುತ್ತೇನೆ. ಸೋತರೆ ಗಂಡನ ಪಕ್ಕದಲ್ಲೇ ನಿನಗೂ ಜಾಗ" ಎಂದ ಧೂಮಕಂಠ.

"ಪಕ್ಕದಲ್ಲಿ ಒರಳುಕಲ್ಲಿದೆ, ಜಾಗವಿಲ್ಲ. ಗೆಲ್ಲುವುದೇ ಸುಲಭ" ಎಂದಳು ತುಂಗವ್ವ.

ಅವನ ಮಂತ್ರವೇ ಒಳಗಿದ್ದರೆ ಗೆಲ್ಲುವಂತಿಲ್ಲವೆಂದು, ಕಂಪ್ಯೂಟರನ್ನು ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತು, ಅವಳು ಬೇರೆ ಮಂತ್ರ ಹುಡುಕಿ ಲಿನಕ್ಸ್ ದೇಶಕ್ಕೆ ಹೊರಟಳು. ಲಿನಕ್ಸ್ ಎಂದರೆ ಯಾರೊಬ್ಬರ ಸ್ವತ್ತೂ ಅಲ್ಲದ ಮಂತ್ರ. ಅದಕ್ಕೆ ಬೇಕಾದ್ದನ್ನು ಸೇರಿಸಿ ಊರೂರಿನವರು ತಮ್ಮ ತಮ್ಮ ರೀತಿಯಲ್ಲಿ ಗಂಟು ಕಟ್ಟುತ್ತಾರೆ. ಆ ಗಂಟೇ ಡಿಸ್ಟ್ರೋ. ಹಿಟ್ಟು ಒಂದೇ, ರೊಟ್ಟಿ ತಟ್ಟುವ ಕೈ ಬೇರೆ ಬೇರೆ ಎಂದುಕೊಂಡರೆ ತಿಳಿಯುತ್ತದೆ.

ಮೊದಲ ದಿನ ಮೊದಲ ಊರು ಸಿಕ್ಕಿತು. ಬಾಗಿಲು ಕಾಯುವವನು ಬಿಳಿಗಡ್ಡದವನು.

"ತಾಯೀ, ನಮ್ಮಷ್ಟು ಶುದ್ಧ ಡಿಸ್ಟ್ರೋ ಮೂರು ಲೋಕದಲ್ಲಿಲ್ಲ."

"ಶುದ್ಧ ಇರಲಿ ಅಣ್ಣಾ. ನನ್ನ ಆನೆ ಒಪ್ಪುತ್ತದೋ?"

ಅವನು ಪೆನ್‌ಡ್ರೈವ್ ಕೊಟ್ಟ. ಅದನ್ನು ಚುಚ್ಚಿದರೆ ಸಾಕು, ಕಂಪ್ಯೂಟರಿನಲ್ಲಿರುವುದನ್ನು ಅಳಿಸದೆ ಹೊಸ ಡಿಸ್ಟ್ರೋವನ್ನು ಪರೀಕ್ಷಿಸಬಹುದು. ತುಂಗವ್ವ ಚುಚ್ಚಿದಳು. ಆನೆ ಸೊಂಡಿಲು ಮಡಚಿ ಮಲಗಿತು.

"ಮಾವುತನೆಲ್ಲಿ?"

"ಅವನು ಗುಟ್ಟಿನ ಮಾತು ಆಡುತ್ತಾನೆ. ಗುಟ್ಟಿನವರನ್ನು ನಾವು ಒಳಗೆ ಬಿಡುವುದಿಲ್ಲ."

"ನಿಮ್ಮ ಮಡಿ ನಿಮಗಿರಲಿ" ಎಂದು ಅವಳು ಬುಟ್ಟಿ ಎತ್ತಿದಳು.

ಎರಡನೆಯ ದಿನ ಎರಡನೆಯ ಊರು. ಅಲ್ಲಿ ಎಲ್ಲವೂ ದಿನದಿನ ಹೊಸದು. ಬೆಳಿಗ್ಗೆ ಪೆನ್‌ಡ್ರೈವ್ ಚುಚ್ಚಿದಾಗ ಮಾವುತ ಬಂದ, ಆನೆ ಎದ್ದಿತು, ರಥ ಗಾಳಿಯಂತೆ ಓಡಿತು. ತುಂಗವ್ವ ಕುಣಿದಳು. ಮಧ್ಯಾಹ್ನ ಊರಿನವರು ಹೊಸ ಗಂಟು ಕೊಟ್ಟರು. ಅದರಲ್ಲಿ ಬಾಗಿಲಿದ್ದ ಕಡೆ ಗೋಡೆ ಬಂದಿತ್ತು. ಮಾವುತ ಹೊರಗೆ, ಆನೆ ಒಳಗೆ.

"ನಾಳೆ ಸರಿಹೋಗುತ್ತೆ ಅಕ್ಕಾ" ಎಂದ ಬಾಗಿಲಿನವನು.

"ನಾಳೆ ನಾನು ಕಲ್ಲಾಗಿರುತ್ತೇನಪ್ಪಾ!"

ಮೂರನೆಯ ದಿನ, ಮಿಣುಕೂರಿಗೆ ಮರಳುವ ದಾರಿಯಲ್ಲಿ, ಗಡಿಯಲ್ಲೇ ಮೂರನೆಯ ಊರು. ಬಾಗಿಲಲ್ಲಿ ಸಿದ್ದಜ್ಜಿ ಎಂಬ ಮುದುಕಿ ಎಲೆ ಅಡಿಕೆ ಹಾಕುತ್ತ ಕೂತಿದ್ದಳು.

"ನಿಮ್ಮ ಡಿಸ್ಟ್ರೋ ಹೇಗಜ್ಜೀ?"

"ಇದೆ ಕಣವ್ವ, ಸಾದಾ. ಆಡುವವರಿಗೆಂದೇ ಕಟ್ಟಿದ ಗಂಟು. ಮಾವುತ ಒಳಗೇ ಇದ್ದಾನೆ. ಮಾಂತ್ರಿಕನ ಆಟ ಅವನ ಭಾಷೆಯಲ್ಲಿದೆಯಲ್ಲ, ಅದನ್ನು ತಿರುಗಿಸಿ ಹೇಳೋಕೆ ಒಬ್ಬ ದುಭಾಷಿಯೂ ಇದ್ದಾನೆ. ಎಲ್ಲ ಆಟಕ್ಕೂ ಆಗುತ್ತೆ ಅನ್ನೋಲ್ಲ. ನಿನ್ನ ಆಟಕ್ಕೆ ಆಗುತ್ತೋ, ಹಾಕಿ ನೋಡು."

ಹಾಕಿ ನೋಡಿದಳು. ಆನೆ ಎದ್ದಿತು, ರಥ ಓಡಿತು. ಎರಡನೆಯ ಊರಿನಷ್ಟು ಗಾಳಿಯಂತಲ್ಲ. ಆದರೆ ಮಧ್ಯಾಹ್ನವೂ ಓಡಿತು, ಇಳಿಹೊತ್ತಿಗೂ ಓಡಿತು. ತುಂಗವ್ವ ಹಳೆಯ ಮಂತ್ರವನ್ನು ಪೂರ್ತಿ ಅಳಿಸಿ ಸಿದ್ದಜ್ಜಿಯ ಡಿಸ್ಟ್ರೋ ಹಾಕಿಕೊಂಡಳು.

ಸಂಜೆ ಅವಳ ಮನೆಯಂಗಳದಲ್ಲೇ ಪಂದ್ಯ ನಡೆಯಿತು. ಕೊನೆಯ ತಿರುವಿನಲ್ಲಿ ತುಂಗವ್ವನ ರಥ ಮುಂದಾಯಿತು. "ಹೊಸದಾಗು!" ಎಂದು ಧೂಮಕಂಠ ಕೂಗಿದ. ಅವಳ ಕಂಪ್ಯೂಟರಿನೊಳಗೆ ಆ ಮಾತು ಕೇಳುವವರೇ ಇರಲಿಲ್ಲ. ಅವನು ಮತ್ತೆ ಕೂಗಿದ. ಮೂರನೆಯ ಸಲ ಕೂಗುವಷ್ಟರಲ್ಲಿ ರಥ ಗೆರೆ ದಾಟಿತ್ತು.

ಕಲ್ಲಾದವರೆಲ್ಲ ಎದ್ದರು. ಹಾಲಪ್ಪ ತನ್ನ ಮೈ ನೋಡಿಕೊಂಡ.

"ಏನೇ ಇದು, ನನ್ನ ಮೇಲೆ ಸೀರೆ ಒಣಹಾಕಿದ್ದೀಯಾ?"

"ಬಿಸಿಲು ಚೆನ್ನಾಗಿತ್ತು, ನೀವೂ ಅಲುಗಾಡುತ್ತಿರಲಿಲ್ಲ" ಎನ್ನುತ್ತ ತುಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಿಣುಕೂರಿನ ರಾಜನು ಧೂಮಕಂಠನ ಮಂತ್ರದಂಡ ಮುರಿಸಿ ಶಿಕ್ಷೆ ವಿಧಿಸಿದ: ಊರಿನ ಪ್ರತಿ ಮನೆಯ ಕಂಪ್ಯೂಟರಿಗೂ ಅವನೇ ಲಿನಕ್ಸ್ ಹಾಕಿಕೊಡಬೇಕು. ಅಂದಿನಿಂದ ಮಿಣುಕೂರಿನ ಜನ ಹಾಲು ಕುಡಿದಷ್ಟು ತಣ್ಣಗೆ ಬಾಳಿದರು. ಧೂಮಕಂಠ ಮಾತ್ರ ಇನ್ನೂ ಮೊದಲ ಮನೆಯ ಜಗಲಿಯಲ್ಲೇ ಇದ್ದಾನಂತೆ. ಆ ಮನೆಯವರು ಯಾವ ಡಿಸ್ಟ್ರೋ ಬೇಕು ಎಂದು ಇನ್ನೂ ಯೋಚಿಸುತ್ತಿದ್ದಾರೆ.