ಮೀಸೆ ಮುಳುಗಿದ ಕ್ಯಾನು

ಕೆಲಸ ಕೇಳೋಕೆ ಸುಲಭವಾಗಿತ್ತು. ಸಂಡೂರು ಗುಡ್ಡದ ಮೇಲಿನ ಜೇನುಗುಂಡಿಗೆ ಹೋಗಬೇಕು, ಅಲ್ಲಿನ ಹಳ್ಳದ ಕೆಂಪು ನೀರನ್ನು ಕುಡಿಯುವ ನೀರು ಮಾಡಬೇಕು, ರಸ್ತೆ ಸರಿಯಾಗುವ ತನಕ ಇಪ್ಪತ್ತಾರು ಮನೆಗಳಿಗೆ ಕೊಡಬೇಕು. ಕಷ್ಟ ಇದ್ದದ್ದು ಹೋಗುವ ದಾರಿಯಲ್ಲಿ. ಯಾಕಂದರೆ ದಾರಿಯೇ ಇರಲಿಲ್ಲ.

ಮೂರು ದಿನದ ಮಳೆಗೆ ಗುಡ್ಡ ಜಾರಿ ರಸ್ತೆಯನ್ನು ನುಂಗಿತ್ತು. ಊರಿನ ಬೋರ್‌ವೆಲ್ ಮಣ್ಣಿನಡಿ ಹೂತುಹೋಗಿತ್ತು. ಜನ ಹಳ್ಳದ ನೀರು ಕುಡಿದರು, ವಾಂತಿ-ಭೇದಿ ಶುರುವಾಯಿತು. ಊರಲ್ಲಿ ಆಶಾ ಕಾರ್ಯಕರ್ತೆ ಇದ್ದಳು, ಅವಳ ಚೀಲದಲ್ಲಿ ಓಆರ್‌ಎಸ್ ಪೊಟ್ಟಣಗಳೂ ಇದ್ದವು. ಕಲಸೋಕೆ ಒಳ್ಳೆ ನೀರಿರಲಿಲ್ಲ. ಕುದಿಸೋಣವೆಂದರೆ ಸೌದೆಯೆಲ್ಲ ತೊಯ್ದು ತೊಪ್ಪೆ.

ಬೆಳಗ್ಗೆ ಏಳಕ್ಕೆ ಸಂಡೂರಿನಿಂದ ಜೀಪು ಹೊರಟಿತು. ಮುಂದೆ ಕೂತವಳು ಸ್ಫೂರ್ತಿ, ಹೊಸಪೇಟೆಯಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬಿನವಳು, ಈ ತಂಡಕ್ಕೆ ಅವಳೇ ಮುಖ್ಯಸ್ಥೆ. ಅವಳ ತೊಡೆಯ ಮೇಲಿನ ಚೀಲದಲ್ಲಿ ಸೈಕಲ್ ಪಂಪಿನಂಥ ಒಂದು ಫಿಲ್ಟರ್, ಕ್ಲೋರಿನ್ ಮಾತ್ರೆ, ಪಟಿಕದ ಗಟ್ಟಿ, ಪರೀಕ್ಷೆಯ ಕಾಗದದ ಪಟ್ಟಿಗಳು. ಹಿಂದೆ ಹೊನ್ನೂರಸ್ವಾಮಿ. ಇಪ್ಪತ್ತು ವರ್ಷ ಗಣಿಯಲ್ಲಿ ಡ್ರಿಲ್ಲಿಂಗ್ ಮಾಡಿದವನು, ಗುಡ್ಡದ ಕಲ್ಲುಕಲ್ಲೂ ಪರಿಚಯ, ಆದರೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ. ಅವನ ಪಕ್ಕ ಯಲ್ಲೇಶ್, ಬುಕ್ಕಸಾಗರದ ಹುಡುಗ, ಹಂಪಿಯಲ್ಲಿ ಹರಿಗೋಲು ಹಾಕುವವನು. ನೀರು ಅಂದರೆ ಅವನಿಗೆ ನೆಲ ಇದ್ದಂತೆ. ಇನ್ನೊಂದು ಕಾರಣವೂ ಇತ್ತು: ಅವನ ಅಕ್ಕ ಜ್ಯೋತಿಲಕ್ಷ್ಮಿಯನ್ನು ಕೊಟ್ಟದ್ದು ಜೇನುಗುಂಡಿಗೆ. ಅವಳ ಎರಡು ವರ್ಷದ ಮಗಳು ಐಶುಗೆ ನಿನ್ನೆಯಿಂದ ಭೇದಿ.

ಆ ಚಿಂತೆಯನ್ನು ಯಲ್ಲೇಶ್ ಮುಖದಲ್ಲಿ ತೋರಿಸಲಿಲ್ಲ. ಬದಲಿಗೆ ಹೊನ್ನೂರಸ್ವಾಮಿಯ ಬಾಟಲಿಗೆ ಹಾಗಲಕಾಯಿ ರಸ ಹಿಂಡಿದ.

ಹೊನ್ನೂರಸ್ವಾಮಿ ಒಂದು ಗುಟುಕು ಕುಡಿದು ಜೀಪಿನಿಂದಾಚೆ ಉಗಿದ. "ಏ ಹಲ್ಕಟ್! ಏನ್ ಹಾಕಿಯಲೇ ಇದ್ರಾಗ?"

"ಸಕ್ಕರಿ ಕಾಯ್ಲೆಗೆ ಔಷಧಿ, ಮಾಮ. ಹೀರೋ ಪಂಚ್ ಕೊಟ್ರ ಹಲ್ಲು ಹೋಗ್ತೈತಿ, ಈ ಯಲ್ಲೇಶ ಪಂಚ್ ಕೊಟ್ರ ಶುಗರ್ರು ಹೋಗ್ತೈತಿ!"

"ಇನ್ನ ಇವನ ಕೈಯಾಗಿಂದ ಗಂಗಾ ತೀರ್ಥ ಕೊಟ್ರೂ ನಾ ಕುಡಿಯಂಗಿಲ್ಲ ಮೇಡಂ, ಬರ್ಕೊಳ್ರಿ," ಅಂದ ಹೊನ್ನೂರಸ್ವಾಮಿ. ಹೊಸ ಬಾಟಲಿ ತೆಗೆದು ಸೊಂಟಕ್ಕೆ ಕಟ್ಟಿಕೊಂಡ.

ರಸ್ತೆ ಮುಗಿದಲ್ಲಿ ಜೀಪು ನಿಂತಿತು. ಮುಂದೆ ಗುಡ್ಡ. ಮಳೆ ತೊಳೆದ ಸಂಡೂರಿನ ಗುಡ್ಡಗಳು ಮೇಲೆ ಹಚ್ಚಹಸಿರು, ಸೀಳಿದ ಕಡೆಯೆಲ್ಲ ಕುಂಕುಮ. ಮೋಡ ಇಳಿದು ತುದಿಗಳನ್ನು ಒರೆಸಿ ಹೋಗುತ್ತಿತ್ತು. ಹುಲ್ಲಿನ ನಡುವೆ ಎಲ್ಲಿ ನೋಡಿದರೂ ಸಣ್ಣ ಸಣ್ಣ ಝರಿ, ಎಲ್ಲವೂ ಅದಿರಿನ ಧೂಳು ಕಲಸಿ ಕೆಂಪಗೆ ಇಳಿಯುತ್ತಿದ್ದವು. ಇಷ್ಟು ನೀರು, ಆದರೆ ಕುಡಿಯೋಕೆ ಒಂದು ಲೋಟವೂ ಇಲ್ಲ.

ಎರಡು ತಾಸು ಹತ್ತಿದ ಮೇಲೆ ಹಳ್ಳ ಅಡ್ಡ ಬಂತು.

ಎದೆ ಮಟ್ಟದ ನೀರು. ಕಲ್ಲುಗಳು ಒಳಗೇ ಉರುಳುವ ಸದ್ದು ಕೇಳುತ್ತಿತ್ತು.

"ಹಗ್ಗದ ಗಂಟು ನಾನಾ ಹಾಕ್ತೀನಿ," ಅಂದ ಹೊನ್ನೂರಸ್ವಾಮಿ. "ಇವನು ಹಾಕಿದ್ರ ನಡು ಹಳ್ಳದಾಗ ಬಿಚ್ಚಿ ನಗ್ತಾನ."

ಹೊತ್ತು ತಂದ ಖಾಲಿ ಬಿಳಿ ಕ್ಯಾನುಗಳು ಆರಿದ್ದವು. ಯಲ್ಲೇಶ್ ಮುಚ್ಚಳ ಬಿಗಿದು ಎಲ್ಲವನ್ನೂ ಸಾಲಾಗಿ ಕಟ್ಟಿ ನೀರಿಗೆ ಬಿಟ್ಟ. ಅವು ತೇಲಿದವು. ಫಿಲ್ಟರಿನ ಚೀಲವನ್ನು ಅದರ ಮೇಲೆ ಬಿಗಿದ. ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಜಿಗಿದ.

ನೀರು ಅವನನ್ನು ಎಳೆಯಿತು. ಅವನು ಎದುರು ಈಜಲಿಲ್ಲ, ಹರಿಗೋಲಿನ ಹಾಗೆ ಸುತ್ತುತ್ತಾ ಓರೆಯಾಗಿ ಜಾರಿದ. ಆಚೆ ದಡದ ಬೇರು ಹಿಡಿದ. ಹಗ್ಗ ಕಟ್ಟಿದ.

ಸ್ಫೂರ್ತಿ ಹಗ್ಗ ಹಿಡಿದು ದಾಟಿದಳು. ಹೊನ್ನೂರಸ್ವಾಮಿ ಕ್ಯಾನುಗಳ ಸಾಲನ್ನು ತಳ್ಳುತ್ತಾ ಬಂದ. ನಡುವೆ ಒಂದು ಮರದ ಬೊಡ್ಡೆ ಉರುಳಿ ಬಂತು.

"ಮಾಮ, ಮುಳುಗು!"

ನಂಬಲೋ ಬೇಡವೋ ಎಂದು ಅವನು ಅರೆಕ್ಷಣ ತಡೆದ. ಬೊಡ್ಡೆ ಭುಜಕ್ಕೆ ಬಡಿಯಿತು. ಚೀಲ ಕಳಚಿತು. ಯಲ್ಲೇಶ್ ಮತ್ತೆ ಹಾರಿ ಚೀಲದ ಪಟ್ಟಿ ಹಿಡಿದ, ಇನ್ನೊಂದು ಕೈಯಲ್ಲಿ ಹೊನ್ನೂರಸ್ವಾಮಿಯ ಅಂಗಿ ಹಿಡಿದ.

ದಡದಲ್ಲಿ ಕೆಮ್ಮುತ್ತಾ ಹೊನ್ನೂರಸ್ವಾಮಿ ಅಂದ, "ಮುಳುಗು ಅಂದಾಗ ನೀ ಮಜಾಕ್ ಮಾಡಾಕತ್ತೀ ಅನ್ಕಂಡೆ."

"ನಾನು ಸತ್ರೂ ಹಿಂಗಾ ಅನ್ಕಂತೀರಿ ನೀವು," ಅಂದ ಯಲ್ಲೇಶ್.

ಹಳ್ಳದ ಆಚೆ ದಡದಿಂದ ಮೇಲಕ್ಕೆ ಊರು, ಅರ್ಧ ಕಿಲೋಮೀಟರ್ ಏರು ಹಾದಿ. ಎದುರು ಬಂದವಳು ಜಂಬವ್ವ, ಜ್ಯೋತಿಲಕ್ಷ್ಮಿಯ ಅತ್ತೆ. ಅರವತ್ತು ದಾಟಿದ್ದರೂ ಬೆನ್ನು ನೆಟ್ಟಗೆ. "ಬರ್ರೆಪ್ಪಾ, ಬರ್ರಿ. ಕೂಸು ಕಣ್ಣಾ ಬಿಡವಲ್ದು ಬೀಗ್ರ ಹುಡುಗಾ," ಅಂದಳು.

ಐಶು ತಾಯಿಯ ಮಡಿಲಲ್ಲಿ ಹಿಂಡಿದ ಬಟ್ಟೆಯಂತೆ ಬಿದ್ದಿತ್ತು. ಯಲ್ಲೇಶ್ ಅದರ ಮೂಗು ಹಿಡಿದು ಕಪ್ಪೆಯ ಹಾಗೆ ಕೂಗಿದ. ಯಾವಾಗಲೂ ನಗುವ ಮಗು ಈಗ ನಗಲಿಲ್ಲ. ಅವನು ಎದ್ದು ಸೀದಾ ಹಳ್ಳಕ್ಕೆ ಇಳಿದ.

ಹಳ್ಳದ ದಡದ ಬಂಡೆಯಡಿ ಕೆಲಸ ಶುರುವಾಯಿತು. ಮೊದಲು ಕೆಂಪು ನೀರಿಗೆ ಪಟಿಕ ತಿಕ್ಕಿ ಬಿಟ್ಟರು. ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ನಾಲ್ಕು ಪದರ ಪಂಚೆಯಲ್ಲಿ ಸೋಸಿದರು. ಆಮೇಲೆ ಪಂಪ್ ಒತ್ತಿ ಫಿಲ್ಟರ್. ಕೊನೆಗೆ ಕ್ಯಾನಿಗೊಂದು ಮಾತ್ರೆ.

"ನಾಲ್ಕು ಬೆರಳು ಖಾಲಿ ಬಿಡ್ರಿ," ಅಂದಳು ಸ್ಫೂರ್ತಿ. "ಮಾತ್ರಿ ಹಾಕಿ ಅಲ್ಲಾಡಿಸಾಕ ಜಾಗ ಬೇಕು. ಅರ್ಧ ತಾಸು ಕಾಯ್ಬೇಕು. ಅದರ ಮುಂಚೆ ಯಾರೂ ಮುಟ್ಟಂಗಿಲ್ಲ."

ಅರ್ಧ ತಾಸಿನ ನಂತರ ಪಟ್ಟಿ ಅದ್ದಿದಳು. ಗುಲಾಬಿ ಬಣ್ಣ ಬಂತು. ಗುಲಾಬಿ ಬಂದರೆ ಔಷಧಿ ಇನ್ನೂ ನೀರಿನಲ್ಲಿ ಕಾವಲಿದೆ ಎಂದರ್ಥ.

ಯಲ್ಲೇಶ್ ಎರಡೆರಡು ಕ್ಯಾನನ್ನು ಕೋಲಿಗೆ ತೂಗಿಸಿ ಊರ ಗಡಿಯ ಕಲ್ಲಿನ ತನಕ ಒಯ್ಯುತ್ತಿದ್ದ. ಅಲ್ಲಿಂದ ಜಂಬವ್ವ ಒಂದೊಂದನ್ನೇ ತಲೆಯ ಮೇಲೆ ಹೊತ್ತು ಮನೆ ಮನೆಗೆ ಹಂಚಿ, ಖಾಲಿಯಾದ ಕ್ಯಾನು ವಾಪಸು ತರುತ್ತಿದ್ದಳು. ಸಂಜೆಗೆ ಎಲ್ಲರ ಹೊಟ್ಟೆಗೂ ನೀರು ಸೇರಿತು.

ಮರುದಿನ ಬೆಳಗ್ಗೆ ಐಶುಗೆ ಇನ್ನೂ ಜೋರಾಗಿತ್ತು. ಹೊಸದಾಗಿ ನಾಲ್ಕು ಜನ ಮಲಗಿದ್ದರು.

ಸ್ಫೂರ್ತಿ ಜ್ಯೋತಿಲಕ್ಷ್ಮಿಯ ಮನೆಯ ಕ್ಯಾನಿಗೆ ಪಟ್ಟಿ ಅದ್ದಿದಳು. ಬಿಳಿ. ಪಕ್ಕದ ಮನೆಯಲ್ಲೂ ಬಿಳಿ. ಅವಳ ಮುಖವೂ ಹಾಗೇ ಆಯಿತು.

ಹಳ್ಳಕ್ಕೆ ಇಳಿದು ಮಾತ್ರೆ ಎಣಿಸಿದಳು. ಲೆಕ್ಕ ಸರಿ ಇತ್ತು. ಫಿಲ್ಟರ್ ಬಿಚ್ಚಿ ನೋಡಿದಳು. ಸರಿ ಇತ್ತು. "ಇಲ್ಲಿ ಗುಲಾಬಿ, ಅಲ್ಲಿ ಬಿಳಿ. ನಡುವೆ ಯಾರೋ ಏನೋ ಮಾಡಾಕತ್ಯಾರ," ಅಂದಳು.

ಹೆಸರು ಹೇಳಬೇಕಾಗಿರಲಿಲ್ಲ. ಹಳ್ಳದಿಂದ ಕ್ಯಾನು ಹೊರುವವನು ಒಬ್ಬನೇ.

ಹೊನ್ನೂರಸ್ವಾಮಿ ಬಾಯಿಬಿಟ್ಟ. "ಬಾಟ್ಲಿಗೆ ಹಾಗಲಕಾಯಿ ಹಿಂಡಿದ ಕೈ, ಕ್ಯಾನಿಗೆ ಏನ್ ಹಿಂಡೈತೋ."

"ಮಾಮ, ಅಲ್ಲಿ ಮಲಗಿರೋದು ನನ್ನ ಅಕ್ಕನ ಕೂಸು!"

"ಹಗುರ ಮಾಡ್ಕಣಾಕ ದಾರ್‍ಯಾಗ ಅರ್ಧ ಚೆಲ್ಲಿ ಮ್ಯಾಲೆ ಹೋಗಿ ಝರಿ ನೀರು ತುಂಬಿಸ್ಕಂಡಿಯೇನೋ. ಕಂಡೋರ್‍ಯಾರು?"

"ನೀವ್ಯಾಕ ನಮ್ಮ ಕ್ಯಾನಿನ ನೀರು ಒಂದು ಹನೀನೂ ಕುಡಿದಿಲ್ಲ? ನಿಮಗ ಮೊದಲಾ ಗೊತ್ತಿತ್ತೇನು?" ಯಲ್ಲೇಶ್ ತಿರುಗಿ ಬಿದ್ದ.

"ಸಾಕು!" ಅಂದಳು ಸ್ಫೂರ್ತಿ. ಆದರೆ ಯಲ್ಲೇಶನತ್ತ ನೋಡಲಿಲ್ಲ. "ಇವತ್ತು ಹೊನ್ನೂರಣ್ಣ ಹೊರ್ಲಿ. ನೀ ಪಂಪ್ ಒತ್ತು."

ಯಲ್ಲೇಶ್ ಇಷ್ಟು ದಿನ ಮಾಡಿದ ಚೇಷ್ಟೆಗಳೆಲ್ಲ ಸಾಲಾಗಿ ನಿಂತು ಸಾಕ್ಷಿ ಹೇಳುತ್ತಿದ್ದವು. ಅವನು ಪಂಪ್ ಒತ್ತಿದ. ಕೈ ಬಿಡುವಾದಾಗ ಇದ್ದಿಲು ಹಿಡಿದು ಪ್ರತಿ ಕ್ಯಾನಿನ ಮೇಲೂ ಒಂದು ವಿಲನ್ ಮುಖ ಬರೆದ. ದಪ್ಪ ಹುಬ್ಬು, ಕೆಂಡದ ಕಣ್ಣು, ಕೊಂಬಿನಂಥ ಮೀಸೆ. ಬಿಳಿ ಕ್ಯಾನಿನೊಳಗೆ ನೀರು ಕಾಣುತ್ತಿತ್ತು. ಮೀಸೆ ನೀರಿನ ಗೆರೆಗೆ ಸರಿಯಾಗಿ ಕೂರುವಂತೆ ಬರೆದ. ವಿಲನ್ ಮೀಸೆ ತನಕ ಮುಳುಗಿ ಒದ್ದಾಡುವ ಸೀನು. ಐಶು ನೋಡಿದರೆ ನಕ್ಕೀತು ಎಂಬ ಆಸೆ, ಅಷ್ಟೆ.

ಮಧ್ಯಾಹ್ನ ಮಗುವನ್ನು ನೋಡಲು ಹೋದ. ಬಾಗಿಲ ಬಳಿ ಆಗಷ್ಟೇ ತಂದಿಟ್ಟ ಕ್ಯಾನು. ನೋಡಿ ನಿಂತುಬಿಟ್ಟ.

ವಿಲನ್‌ನ ಮೀಸೆ ಮುಳುಗಿತ್ತು. ಕಣ್ಣು ಮುಳುಗಿತ್ತು. ಹುಬ್ಬೂ ನೀರಿನೊಳಗೆ.

ಓಡಿ ಪಕ್ಕದ ಮನೆಗೆ ಹೋದ. ಅಲ್ಲೂ ಅಷ್ಟೇ, ಕತ್ತಿನ ತನಕ ತುಂಬಿತ್ತು. ಅವನು ಸ್ಫೂರ್ತಿಯ ಬಳಿಗೆ ಹಳ್ಳಕ್ಕೆ ಉರುಳಿದಂತೆ ಇಳಿದ.

"ಅಕ್ಕಾ! ನಾ ಮೀಸಿ ತನಕ ಮುಳುಗಿಸಿ ಕಳ್ಸೀನಿ. ಅಲ್ಲಿ ತಲೀನಾ ಮುಳುಗೈತಿ! ನೀರು ಹೆಚ್ಚಾಗೈತಿ ಅಕ್ಕಾ. ಹೊತ್ತೋರು ಇವತ್ತು ಮಾಮ, ನಾನಲ್ಲ."

ಸ್ಫೂರ್ತಿ ಹೊನ್ನೂರಸ್ವಾಮಿಯನ್ನು ನೋಡಿದಳು. ಅವನ ಮುಖ ಕಪ್ಪಿಟ್ಟಿತು. "ನಾನಾ? ಗಡಿ ಕಲ್ಲಿಗೆ ಇಟ್ಟು ಬಂದೀನಿ, ದೇವರಾಣಿ!"

"ಅಂದ್ರ ಕಲ್ಲಿನ ಆಚಿಗೆ," ಅಂದಳು ಅವಳು ನಿಧಾನಕ್ಕೆ.

ಕಲ್ಲಿನ ಆಚೆಗೆ ಕ್ಯಾನು ಹೊರುವವಳು ಒಬ್ಬಳೇ, ಜಂಬವ್ವ. ಅಕ್ಕನ ಅತ್ತೆಯ ಮೇಲೆ ಬೆರಳು ತೋರಿಸಿದರೆ, ಅಕ್ಕ ಬಾಳಬೇಕಾದದ್ದು ಅದೇ ಮನೆಯಲ್ಲಿ.

"ಕಣ್ಣಿಂದ ನೋಡಾಮು. ಆಮ್ಯಾಲೆ ಮಾತು," ಅಂದ ಯಲ್ಲೇಶ್.

ಮೂವರೂ ಗಡಿ ಕಲ್ಲಿನ ಮೇಲಿನ ಪೊದೆಯಲ್ಲಿ ಕೂತರು. ಜಂಬವ್ವ ಬಂದಳು. ಕ್ಯಾನಿನ ಮುಚ್ಚಳ ತೆಗೆದು ಇಣುಕಿದಳು. ಕಲ್ಲಿನ ಹಿಂದೆ ಬಂಡೆಯ ಸಂದಿಯಿಂದ ಒರತೆಯೊಂದು ಸಣ್ಣಗೆ ಜಿನುಗುತ್ತಿತ್ತು. ತಾಮ್ರದ ತಂಬಿಗೆಯಲ್ಲಿ ಅದನ್ನು ಹಿಡಿದು ಕ್ಯಾನಿಗೆ ಸುರಿದಳು. ಮತ್ತೊಂದು ತಂಬಿಗೆ. ಕತ್ತಿನ ತನಕ ತುಂಬಿದ ಮೇಲೆ ಕೈ ಮುಗಿದು ತಲೆಗೇರಿಸಿದಳು.

"ಅತ್ತೀ," ಯಲ್ಲೇಶ್ ಎದ್ದು ನಿಂತ.

ಅವಳು ಬೆಚ್ಚಲಿಲ್ಲ. ಬಚ್ಚಿಡುವಂಥದ್ದೇನೂ ಅವಳಿಗಿರಲಿಲ್ಲ. "ಏನಪ್ಪಾ, ಬೇಲ್ಯಾಗ ಏನ್ ಮಾಡಾಕತ್ತೀರಿ ಮೂರೂ ಮಂದಿ?"

"ಆ ನೀರ್‍ಯಾಕ ಹಾಕಿದಿ?"

"ಅರೆಗೊಡ ಹೊತ್ಕಂಡು ಊರು ಹೊಗ್ತಾರೇನೋ? ನಿಮ್ಮ ಹೊಳಿ ದಂಡಿ ಊರಾಗ ಹಂಗ ಹೊಗ್ತಾರೇನು? ಮನ್ಯಾಗ ಕೂಸು ಮಲಗೈತಿ, ಕೇಡು ಹೊತ್ಕಂಡು ಹೋಗ್ಲ್ಯಾ? ನಾಲ್ಕು ಬೆರಳು ಕಡಿಮಿ ಕಳಸ್ತೀರಿ, ನಾ ತುಂಬಸ್ತೀನಿ. ಮ್ಯಾಲೆ ಇದು ನಮ್ಮ ಹಿರೇರ ಒರತಿ. ನೋಡು, ಕಣ್ಣೀರಿನಂಗೈತಿ."

ನೀರು ನಿಜಕ್ಕೂ ತಿಳಿಯಾಗಿತ್ತು. ಹೊನ್ನೂರಸ್ವಾಮಿ ಮಾತ್ರ ತಲೆ ಎತ್ತಿ ಮೇಲೆ ನೋಡುತ್ತಿದ್ದ. "ಯವ್ವಾ, ಮ್ಯಾಲಿನ ಗವಿಯಾಗ ಕುರಿ ಯಾವಾಗಿಂದ ಕಟ್ಟೀರಿ?"

"ಮಳಿ ಹಿಡಿದಾಗಿಂದ. ದೊಡ್ಡಿ ಬಿತ್ತಲ್ಲ."

ಅವನು ಬಂಡೆಯ ಮೇಲೆ ಕೈಯಾಡಿಸಿದ. "ಈ ಸೀಳು ಗವಿಯಿಂದಾನಾ ಬರ್ತೈತಿ. ಕುರಿಗೊಬ್ಬರ ತೊಳ್ದ ನೀರು ಇದಾ."

ಜಂಬವ್ವನ ಕೈಯಿಂದ ತಂಬಿಗೆ ಜಾರಿತು. ತಲೆಯ ಮೇಲಿನ ಕ್ಯಾನನ್ನು ಇಳಿಸಿ ಅಲ್ಲೇ ಕೂತಳು. "ಅಂದ್ರ ಕೂಸಿಗೆ ನಾನಾ..."

"ಇಲ್ಲತ್ತೀ," ಯಲ್ಲೇಶ್ ಥಟ್ಟನೆ ಅಂದ. "ನಾಲ್ಕು ಬೆರಳು ಯಾಕ ಖಾಲಿ ಅಂತ ನಾವು ನಿನಗ ಹೇಳಾ ಇಲ್ಲ. ತಪ್ಪು ನಮ್ದು. ಸ್ಕ್ರಿಪ್ಟು ಕೊಡ್ದಂಗ ಆ್ಯಕ್ಟಿಂಗ್ ಮಾಡು ಅಂದ್ರ ಯಾರು ಮಾಡ್ತಾರ?"

ಸ್ಫೂರ್ತಿ ಅವಳ ಪಕ್ಕ ಕೂತಳು. "ಅರೆಗೊಡ ಹೊರಬ್ಯಾಡ್ರಿ. ಒಂದು ಕ್ಯಾನು ಹೆಚ್ಚಿಗಿ ಮಾಡ್ತೀವಿ. ಅರ್ಧ ತಾಸು ಆದ ಮ್ಯಾಲೆ ಅದರ ನೀರಾ ಉಳಿದವಕ್ಕ ಸುರಿದು ತುಂಬಸ್ತೀವಿ. ನೀವು ತುಂಬಿದ ಕೊಡಾನಾ ಹೊತ್ಕಂಡು ಹೋಗ್ರಿ."

ಜಂಬವ್ವ ಎದ್ದಳು. ಮನೆ ಮನೆಗೆ ಹೋಗಿ ತಾನು ಹಂಚಿದ ನೀರನ್ನೆಲ್ಲ ತಾನೇ ಚೆಲ್ಲಿಸಿ ಬಂದಳು, ಯಾಕೆಂದು ಎಲ್ಲರಿಗೂ ಹೇಳಿದಳು. ಅದನ್ನು ಹೇಳುವಾಗಲೂ ಬೆನ್ನು ಬಾಗಲಿಲ್ಲ. ಗವಿಯ ಕುರಿಗಳನ್ನು ಹೊಡೆದು ಆಚೆ ಗುಡ್ಡಕ್ಕೆ ಕಳಿಸಿದ್ದೂ ಅವಳೇ.

ಆಮೇಲೆ ಕೈಗಳು ನಿಲ್ಲಲಿಲ್ಲ. ಕೆಂಪು ಕೆಸರು ಫಿಲ್ಟರನ್ನು ಕಟ್ಟಿಹಾಕುತ್ತಿತ್ತು. ಯಲ್ಲೇಶ್ ಶುದ್ಧ ನೀರನ್ನು ಹಿಂದಿನಿಂದ ಒತ್ತಿ ತೊಳೆಯುತ್ತಿದ್ದ, ಮತ್ತೆ ಪಂಪ್. ಅಂಗೈಯ ಚರ್ಮ ಸುಲಿಯಿತು. ಹೊನ್ನೂರಸ್ವಾಮಿ ಏರುಹಾದಿಯಲ್ಲಿ ಹೊತ್ತ. ಬೊಡ್ಡೆ ಬಡಿದ ಭುಜ ಬಾತಿತ್ತು, ಹೇಳಲಿಲ್ಲ. ಜಂಬವ್ವ ಪ್ರತಿ ಸಲವೂ ತುಂಬಿದ ಕ್ಯಾನು ಹೊತ್ತು ಊರು ಹೊಕ್ಕಳು.

ಸಂಜೆ ಸ್ಫೂರ್ತಿ ಜ್ಯೋತಿಲಕ್ಷ್ಮಿಯ ಮನೆಯಲ್ಲಿ ಪಟ್ಟಿ ಅದ್ದಿದಳು. ಗುಲಾಬಿ.

ಓಆರ್‌ಎಸ್ ಕಲಸಿ ಚಮಚ ಚಮಚವಾಗಿ ಕೊಟ್ಟರು. ಮೂರನೇ ದಿನ ಮಧ್ಯಾಹ್ನ ಐಶು ಕಣ್ಣು ಬಿಟ್ಟು ಕ್ಯಾನಿನ ಮೇಲಿನ ವಿಲನ್‌ನನ್ನು ನೋಡಿತು. ಮೀಸೆಯ ಮೇಲೆ ಬೆರಳಿಟ್ಟು, "ಮಾಮ," ಅಂದಿತು.

"ನಾನಲ್ಲ, ಅದು ಹೊನ್ನೂರ ಮಾಮ," ಅಂದ ಯಲ್ಲೇಶ್. ಮಗು ನಕ್ಕಿತು. ಅವನು ಆಚೆ ತಿರುಗಿ ಮುಖ ಒರೆಸಿಕೊಂಡ.

ನಾಲ್ಕನೇ ದಿನ ಬೆಳಗ್ಗೆ ಜೆಸಿಬಿ ಊರು ಮುಟ್ಟಿತು, ಹಿಂದೆಯೇ ಟ್ಯಾಂಕರ್. ಫಿಲ್ಟರನ್ನೂ ಉಳಿದ ಮಾತ್ರೆಗಳನ್ನೂ ಸ್ಫೂರ್ತಿ ಜಂಬವ್ವನ ಕೈಗೆ ಕೊಟ್ಟಳು. ಜಂಬವ್ವ ಆಗಲೇ ಆಶಾ ಕಾರ್ಯಕರ್ತೆಯನ್ನು ಗದರುತ್ತಿದ್ದಳು: "ನಾಲ್ಕು ಬೆರಳು ಖಾಲಿ ಬಿಡು, ಹುಚ್ಚಿ! ಆಮ್ಯಾಲೆ ತುಂಬಸು!"

ಇಳಿಯುವಾಗ ಬಿಸಿಲು ಬಂದಿತ್ತು. ಹಳ್ಳ ಮೊಣಕಾಲಿಗಿಳಿದಿತ್ತು. ಜೀಪು ಸಂಡೂರು ಹತ್ತಿರ ಬಂದಾಗ ಹೊನ್ನೂರಸ್ವಾಮಿ ಸೊಂಟದ ಬಾಟಲಿ ಅಲ್ಲಾಡಿಸಿದ. ಖಾಲಿ. ಯಲ್ಲೇಶನ ಕಡೆ ಕೈ ಚಾಚಿದ.

"ನನ್ನ ಕೈಯಾಗಿಂದ ಗಂಗಾ ತೀರ್ಥಾನೂ ಕುಡಿಯಂಗಿಲ್ಲ ಅಂದಿದ್ರಿ."

"ಕೊಡಲೇ."

ಯಲ್ಲೇಶ್ ಕೊಟ್ಟ ಬಾಟಲಿ ಎತ್ತಿ ಗಟಗಟ ಕುಡಿದ. ಕಣ್ಣು ಅರಳಿತು. ಗಂಟಲು ಹಿಡಿದುಕೊಂಡು ಮುಂದಕ್ಕೆ ಬಾಗಿದ. "ಏನ್... ಏನ್ ಹಾಕಿಯಲೇ ಇದ್ರಾಗ..."

"ಏನೂ ಇಲ್ಲ ಮಾಮ! ಆಣಿ ಮಾಡ್ತೀನಿ! ಅಕ್ಕಾ, ಜೀಪ್ ನಿಲ್ಸ್‌ರಿ! ಮಾಮ!"

ಹೊನ್ನೂರಸ್ವಾಮಿ ನಿಧಾನಕ್ಕೆ ನೆಟ್ಟಗಾದ. ಬಾಯಿ ಒರೆಸಿಕೊಂಡ. ನಾಲ್ಕು ದಿನದಲ್ಲಿ ಮೊದಲ ಸಲ ಅವನ ಹಲ್ಲು ಕಂಡವು.

"ಭಾಳ ಸಿಹಿ ಐತಿ," ಅಂದು ಇನ್ನೊಂದು ಗುಟುಕು ಕುಡಿದ.